ಪಟ್ಟಿಯ ಕೊನೆಯ ಕಾಲೇಜು

ನಮ್ಮಪ್ಪ ಕುರಿಸಂತೆಗೆ ಹೋದರೆ ತನಗೆ ಬೇಕಾದ ಟಗರಿನ ಕಡೆ ಮೊದಲು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬೇಡದ ನಾಲ್ಕೈದು ಟಗರುಗಳ ಬಾಯಿ ಬಿಡಿಸಿ ಹಲ್ಲು ನೋಡುವುದು, ಬೆನ್ನು ಒತ್ತುವುದು, ಬೆಲೆ ಕೇಳಿ ಮುಖ ಸಿಂಡರಿಸುವುದು, ಇಷ್ಟರಲ್ಲೇ ಅರ್ಧ ಹೊತ್ತು ಕಳೆಯುತ್ತಿದ್ದ. ಆಮೇಲೆ ಇನ್ನೇನು ಹೊರಟೆ ಅನ್ನುವಾಗ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ, ಆ ಮೂಲೆಯಲ್ಲಿರುವುದು ಯಾರದು ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದ ಹಾಗೆ ಕೇಳುತ್ತಿದ್ದ. ಬೆಳಿಗ್ಗೆಯಿಂದ ಅವನ ಜೀವವೆಲ್ಲ ಆ ಮೂಲೆಯ ಟಗರಿನ ಮೇಲೇ ಇರುತ್ತಿತ್ತು. ಮಾರುವವನಿಗೆ ನಮ್ಮ ಆಸೆ ಗೊತ್ತಾಯಿತೋ, ಕೆಲಸ ಕೆಟ್ಟಿತು ಅನ್ನುವುದು ಅವನು ತನ್ನ ಅಪ್ಪನಿಂದ ಕಲಿತದ್ದು. ಮಾಡದಕೆರೆ ಸುತ್ತಲಿನ ಹಟ್ಟಿಗಳವರು ಟಗರು ಕೊಳ್ಳುವಾಗ ಅಪ್ಪನನ್ನು ಮನೆಗೇ ಬಂದು ಕರೆದುಕೊಂಡು ಹೋಗುತ್ತಿದ್ದರು. ಅವನೂ ಒಂದೆರಡು ಸಲ ಬಿಗುಮಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಹೊರಡುತ್ತಿದ್ದ.

ಈ ಜಾಣತನವನ್ನೇ ಅಪ್ಪ ನನ್ನ ಕಾಲೇಜಿನ ವಿಷಯಕ್ಕೂ ತಂದ. ಅದರಿಂದ ಆದದ್ದನ್ನು ಊರೆಲ್ಲ ಬಲ್ಲದು. ಆದರೆ ಊರಿಗೆ ಗೊತ್ತಿರುವುದು ಅರ್ಧ ಮಾತ್ರ. ಉಳಿದರ್ಧ ಗೊತ್ತಿರುವುದು ನನಗೆ, ಮತ್ತೆ ಹೊಸದುರ್ಗದಲ್ಲಿ ಒಂದು ಕಾಲಕ್ಕೆ ಸೈಬರ್ ಸೆಂಟರ್ ಇಟ್ಟುಕೊಂಡಿದ್ದ ಒಬ್ಬ ಸಾಬರಿಗೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲ ರೊಪ್ಪದಲ್ಲಿ ಕೂಡಿದ್ದ ನಮ್ಮ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ತುಟಿ ಊದಿಸಿಕೊಂಡು, ಜೊಲ್ಲು ಸುರಿಸುತ್ತ, ಮೇವಿಗೆ ಬಾಯಿ ಹಾಕಲಾರದೆ ನಿಂತಲ್ಲೇ ಕುಸಿಯುತ್ತಿದ್ದವು. ಮೂರು ಕಡೆ ಆಸ್ಪತ್ರೆ ನೋಡಿಕೊಳ್ಳಬೇಕಿದ್ದ ಡಾಕ್ಟರು ಬರುವ ಹೊತ್ತಿಗೆ ಅಪ್ಪ ಗುಂಡಿ ತೋಡಿ ಸುಸ್ತಾಗಿದ್ದ. ಅವತ್ತು ನಾನು ಕುರಿ ಡಾಕ್ಟರಾಗುತ್ತೇನೆ ಅಂದೆ. ಹತ್ತು ವರ್ಷದ ಹುಡುಗಿ ಅಂದ ಮಾತು ಅದು, ಅಷ್ಟಕ್ಕೇ ಬಿಡಬಹುದಿತ್ತು. ಅಪ್ಪ ಬಿಡಲಿಲ್ಲ. ಬಂದವರಿಗೆಲ್ಲ ಹೇಳಿದ. ಹಟ್ಟಿಯವರು ನನ್ನನ್ನು ಡಾಕ್ಟ್ರಮ್ಮ ಅಂತ ಕರೆಯುವುದಕ್ಕೆ ಶುರು ಮಾಡಿದರು, ಮೊದಲು ತಮಾಷೆಗೆ, ಆಮೇಲೆ ರೂಢಿಗೆ. ನನಗೆ ಆ ಓದು ನಿಜವಾಗಿ ಬೇಕಿತ್ತು. ಅಪ್ಪನ ಮುಖ ಅರಳುವುದನ್ನು ನೋಡುವುದೂ ಬೇಕಿತ್ತು. ಇವೆರಡರಲ್ಲಿ ಯಾವುದು ಎಷ್ಟು ಅಂತ ಆಗ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಹೊಸದುರ್ಗದಲ್ಲಿ ಪಿಯುಸಿ ಸೈನ್ಸ್ ಓದಿದೆ. ಸಿಇಟಿ ರ‍್ಯಾಂಕು ಪರವಾಗಿಲ್ಲ ಅನ್ನುವಂತೆ ಬಂತು. ಯಾವ ಯಾವ ಕಾಲೇಜು ಬೇಕು ಅನ್ನುವುದನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ತುಂಬಬೇಕು ಅಂದರು. ಅಪ್ಪ ನನ್ನ ಜೊತೆ ಬಸ್ಸು ಹತ್ತಿ ಬಂದ. ಬಸ್ ಸ್ಟ್ಯಾಂಡಿನ ಹಿಂದಿನ ಸಾಬರ ಸೈಬರ್ ಸೆಂಟರಿನಲ್ಲಿ ಅವತ್ತು ಜನವೋ ಜನ. ಸಾಬರ ಹಿರಿಯರು ತಲೆತಲಾಂತರದಿಂದ ಅದೇ ಬೀದಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದವರು. ಇವರು ಮೂರು ಕಂಪ್ಯೂಟರ್ ತಂದಿಟ್ಟು ಜಾತಿ ಸರ್ಟಿಫಿಕೇಟಿನಿಂದ ಹಿಡಿದು ಪಹಣಿಯವರೆಗೆ ಎಲ್ಲ ತೆಗೆದುಕೊಡುತ್ತಿದ್ದರು. ನಮ್ಮ ಸರದಿ ಬಂದಾಗ ಅವರು ತಲೆ ಎತ್ತದೆ, ಮೊದಲನೇದು ಯಾವುದಮ್ಮ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಬೇಕಾದ್ದು ಮೊದ್ಲೇ ಹೇಳ್ಬ್ಯಾಡ. ಕೊನೀಗೆ ಬರಿ. ಇವ್ಳಿಗೆ ಆಸೆ ಐತೆ ಅಂತ ಗೊತ್ತಾದ್ರೆ ಬಿಗಿ ಮಾಡ್ತಾರೆ."

ಈಗ ಹೇಳಿದರೆ ನಗು ಬರುತ್ತದೆ. ಆಗ ನಗು ಬರಲಿಲ್ಲ. ಸಂತೆಯಲ್ಲಿ ಅಪ್ಪನ ಮಾತು ಸುಳ್ಳಾದದ್ದನ್ನು ನಾನು ಕಂಡಿರಲಿಲ್ಲ. ಸರ್ಕಾರ ಅನ್ನುವುದು ಎಲ್ಲೋ ಕೂತು ನಮ್ಮ ಮುಖ ಓದುತ್ತಿದೆ ಅಂತಲೇ ನಮ್ಮಂಥವರಿಗೆ ಅನ್ನಿಸುವುದು. ಮೊದಲು ಹಿರಿಯೂರಿನ ತೋಟಗಾರಿಕೆ ಕಾಲೇಜು ಹೇಳಿದೆ. ನಡುವೆ ಗೊತ್ತಿದ್ದ ನಾಲ್ಕು ಊರಿನ ಹೆಸರು ಹೇಳಿದೆ. ಎಲ್ಲಕ್ಕಿಂತ ಕೊನೆಗೆ, ಯಾವುದೋ ಮರೆತದ್ದು ನೆನಪಾಯಿತು ಅನ್ನುವ ಹಾಗೆ, ಪಶುವೈದ್ಯಕೀಯ ಕಾಲೇಜು ಹೇಳಿದೆ. ಸಾಬರು ಬೆರಳು ಓಡಿಸುತ್ತ ಹೋದರು. ಅಪ್ಪ ಹಿಂದೆ ನಿಂತು, ವ್ಯಾಪಾರ ಕುದುರಿದಾಗ ಮಾಡುವ ಹಾಗೆ, ಮೀಸೆಯೊಳಗೇ ನಕ್ಕ.

ಕೆಲವು ದಿನ ಬಿಟ್ಟು ಅಣಕು ಹಂಚಿಕೆ ಅಂತ ಒಂದನ್ನು ಬಿಟ್ಟರು. ನಿಜವಾದ ಹಂಚಿಕೆಗೆ ಮುಂಚೆ, ಹೀಗೆ ಬರೆದಿದ್ದರೆ ಹೀಗೆ ಸಿಗುತ್ತದೆ ನೋಡಿಕೊಳ್ಳಿ ಅನ್ನುವುದಕ್ಕೆ ಅದು. ಮತ್ತೆ ಹೊಸದುರ್ಗಕ್ಕೆ ಹೋದೆವು. ಅಪ್ಪನಿಗೆ ಊರಿನ ಯಾರೋ ಸಿಕ್ಕರು. ನನ್ನ ಸರ್ಟಿಫಿಕೇಟುಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತ. ನಾನೊಬ್ಬಳೇ ಒಳಗೆ ಹೋದೆ.

ಪರದೆಯ ಮೇಲೆ ಹಿರಿಯೂರು ಅಂತ ಬಂದಿತ್ತು. ಅವತ್ತು ಸಾಬರಿಗೆ ಪುರುಸೊತ್ತಿತ್ತು. ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು, ನನ್ನ ರ‍್ಯಾಂಕು ಕೇಳಿದರು, ನಿನಗೆ ನಿಜವಾಗಿ ಯಾವುದು ಬೇಕು ಅಂದರು. ನಾನು ಕೊನೆಯದನ್ನು ತೋರಿಸಿದೆ. ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಕಂಪ್ಯೂಟರು ಮೇಲಿನಿಂದ ಹುಡುಕುತ್ತ ಬರುತ್ತದೆ, ಸಿಕ್ಕ ಮೊದಲನೆಯದನ್ನು ಕೊಟ್ಟು ಅದರ ಕೆಳಗಿನದನ್ನೆಲ್ಲ ಅಳಿಸಿಬಿಡುತ್ತದೆ. ಬೇಕಾದದ್ದು ಮೇಲಿರಬೇಕು. ಕಳೆದ ವರ್ಷದ ಲೆಕ್ಕ ನೋಡಿದರೆ ನಿನ್ನ ರ‍್ಯಾಂಕಿಗೆ ಪಶುವೈದ್ಯಕೀಯ ಸಿಕ್ಕೇ ಸಿಗುತ್ತದೆ. ನಾಳೆಯವರೆಗೆ ಬದಲಾಯಿಸಬಹುದು, ಈಗಲೇ ಮೇಲಕ್ಕೆ ಹಾಕಿಬಿಡಲಾ ಅಂತ ಕೇಳಿದರು.

ನನಗೆ ಎಲ್ಲ ಅರ್ಥವಾಯಿತು. ಇಲ್ಲಿ ಯಾವ ಗೊಂದಲವೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿರಿಯೂರು ಅಂತ ಓದಿದ ತಕ್ಷಣ ನನಗಾದದ್ದು ದುಃಖವಲ್ಲ, ಸಮಾಧಾನ. ನನಗೆ ಸಿಗುವಂತಿದ್ದ ಆ ಪಶುವೈದ್ಯಕೀಯ ಕಾಲೇಜು ರಾಜ್ಯದ ಆ ತುದಿಯಲ್ಲಿತ್ತು. ನಾನು ಅದುವರೆಗೆ ಚಿತ್ರದುರ್ಗ ದಾಟಿ ಹೋದದ್ದು ಒಂದೇ ಸಲ, ಅದೂ ಮದುವೆ ಲಾರಿಯಲ್ಲಿ ದಾವಣಗೆರೆಗೆ. ಹಿರಿಯೂರಾದರೆ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಹೊತ್ತು ಮುಳುಗುವುದರೊಳಗೆ ಅವ್ವನ ಅಡುಗೆಮನೆಯಲ್ಲಿರಬಹುದು. ನನ್ನ ಬೆಂಚಿನ ಗೆಳತಿಯೂ ಅಲ್ಲಿಗೇ ಹೋಗುವವಳಿದ್ದಳು. ಹೆದರಿಕೊಂಡೆ. ಹೆದರಿಕೆ ಅಂತ ಒಪ್ಪಿಕೊಳ್ಳಲು ನಾಚಿಕೆಯಾಯಿತು.

"ಬ್ಯಾಡ ಬಿಡ್ರಿ. ಇದೇ ಇರ್ಲಿ," ಅಂದೆ.

"ನಿಮ್ಮಪ್ಪನ್ನ ಒಂದ್ ಮಾತು ಕೇಳಮ್ಮ, ಅಲ್ಲೇ ಹೊರ್ಗಡೆ ಕುಂತವ್ರೆ."

"ಅಪ್ಪಂಗೂ ಇದೇ ಬೇಕು."

ಸಾಬರು ಸರಿ ನಿನ್ನಿಷ್ಟ ಅಂತ ಕುರ್ಚಿ ತಿರುಗಿಸಿಕೊಂಡರು. ಹೊರಗೆ ಬಂದರೆ ಅಪ್ಪ ಬೆಂಚಿನಿಂದ ಎದ್ದು ನಿಂತು ಏನಂತೆ ಅಂದ. ಹಿರಿಯೂರು ಬಂದಿದೆ, ಆದರೆ ಇದು ಬರೀ ಅಣಕು, ಲೆಕ್ಕಕ್ಕಿಲ್ಲವಂತೆ ಅಂದೆ. ಅದು ಸುಳ್ಳೂ ಅಲ್ಲ. ಅಪ್ಪನಿಗೆ ಖುಷಿಯೋ ಖುಷಿ. ನೋಡಿದೆಯಾ, ಅವರೂ ಸಂತೆಯವರೇ, ಮೊದಲು ಬೇಡದ ಮಾಲು ತೋರಿಸುತ್ತಾರೆ, ಒಳ್ಳೆಯದನ್ನು ಕೊನೆಗೆ ಹೊರಗೆ ತೆಗೆಯುತ್ತಾರೆ ಅಂತ ಪಕ್ಕದವನ ಬೆನ್ನು ತಟ್ಟಿ ಹೇಳಿದ. ಆ ಬಿಸಿಲಿನಲ್ಲಿ ನಿಂತು ನಾನೂ ನಕ್ಕೆ.

ನಿಜವಾದ ಹಂಚಿಕೆಯಲ್ಲೂ ಹಿರಿಯೂರೇ ಬಂತು. ಎರಡನೇ ಸುತ್ತಿಗೆ ಕಾಯೋಣ ಅಂದರೆ ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ಮೊದಲನೆಯದೇ ಸಿಕ್ಕವಳಿಗೆ ಅದಕ್ಕಿಂತ ಮೇಲಿನದು ಎಲ್ಲಿಂದ ಬರಬೇಕು? ಅಪ್ಪ ಎರಡು ದಿನ ಬೆಳಗಾಗುವ ಮುಂಚೆಯೇ ಕುರಿಯ ಹಿಂದೆ ಹೋಗಿ ಕತ್ತಲಾದ ಮೇಲೆ ಬಂದ. ಮೂರನೆಯ ದಿನ ತಾನೇ ಒಂದು ದಾರಿ ಹುಡುಕಿಕೊಂಡು, ಕುರಿಗೆ ಡಾಕ್ಟರಾಗದಿದ್ದರೆ ಏನಾಯಿತು, ನನ್ನ ಮಗಳು ಗಿಡಕ್ಕೆ ಡಾಕ್ಟರಾಗುತ್ತಾಳೆ ಅಂತ ಹಟ್ಟಿಯಲ್ಲಿ ಹೇಳಿಕೊಂಡು ತಿರುಗಿದ.

ಮೊದಲ ತಿಂಗಳು ಚೆನ್ನಾಗಿತ್ತು. ಹಾಸ್ಟೆಲಿನಲ್ಲಿ ಗೆಳತಿಯ ಪಕ್ಕದ ಮಂಚವೇ ಸಿಕ್ಕಿತು. ಪಾಠವೂ ಕಷ್ಟವಿರಲಿಲ್ಲ, ಕಲಿಸುವವರೂ ಒಳ್ಳೆಯವರು. ಕಾಲೇಜಿನ ಮೇಲೆ ನನಗೆ ಒಂದು ದೂರೂ ಇಲ್ಲ. ಆಮೇಲೊಂದು ದಿನ ನಮ್ಮನ್ನು ಆದಿವಾಲದ ಕಡೆ ಒಂದು ದಾಳಿಂಬೆ ತೋಟಕ್ಕೆ ಕರೆದುಕೊಂಡು ಹೋದರು. ಮೇಷ್ಟ್ರು ಗುಂಡಿಯ ಅಳತೆ ಹೇಳುತ್ತಿದ್ದರು. ಬೇಲಿಯಾಚೆ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ತರುಬಿ ನಿಲ್ಲಿಸಿದ್ದ ಕುರಿಮಂದೆ ಮೇಯಲು ಹೊರಟಿತ್ತು. ಒಂದು ಮರಿ ಮುಂಗಾಲು ಎತ್ತಿಕೊಂಡು, ಮಂದೆಯಿಂದ ಹಿಂದೆ ಬೀಳುತ್ತ, ಅರಚುತ್ತ ಕುಂಟುತ್ತಿತ್ತು. ಗೊರಸಿನ ಸಂದಿನಲ್ಲಿ ಏನೋ ಆಗಿದೆ ಅಂತ ದೂರದಿಂದಲೇ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ. ಮೇಷ್ಟ್ರು ನನ್ನನ್ನು ಕರೆದು ಗುಂಡಿ ಎಷ್ಟು ಆಳ ಅಂತ ಕೇಳಿದರು, ಎಲ್ಲರೂ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಎಂಥ ಕೆಲಸ ಮಾಡಿಕೊಂಡೆ ಅನ್ನುವುದು ಆ ದಿನ ಗೊತ್ತಾಯಿತು. ಗೆಳತಿ ವಾಂತಿ ಬರುತ್ತಿರಬೇಕು ಅಂದುಕೊಂಡು ಕಿಟಕಿ ಪಕ್ಕ ಜಾಗ ಬಿಟ್ಟುಕೊಟ್ಟಳು.

ಅಲ್ಲಿಂದ ಒಂದು ದಿನವೂ ನೆಮ್ಮದಿಯಾಗಿ ಓದಲಿಲ್ಲ. ನನಗಿಂತ ಹಿಂದಿನ ರ‍್ಯಾಂಕಿನ ಹುಡುಗಿಯೊಬ್ಬಳಿಗೆ ಪಶುವೈದ್ಯಕೀಯ ಸಿಕ್ಕಿದೆ ಅಂತ ಕಿವಿಗೆ ಬಿತ್ತು. ಆಫೀಸಿನಲ್ಲಿ ಕೇಳಿದೆ. ಈ ಕಾಲೇಜಿನಿಂದ ಆ ಕಾಲೇಜಿಗೆ ಬದಲಾಯಿಸಿಕೊಳ್ಳುವ ದಾರಿಯಿಲ್ಲ, ಬಿಟ್ಟು ಮತ್ತೆ ಸಿಇಟಿ ಬರೆಯಬೇಕು, ಅದೊಂದೇ ಅಂದರು. ಬರೆಯುತ್ತೇನೆ ಅಂದುಕೊಂಡೆ. ಒಂದು ವರ್ಷ ಹೋದರೆ ಹೋಗಲಿ. ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿ, ಬೈಸಿಕೊಂಡು, ಮತ್ತೆ ಬರೆಯುತ್ತೇನೆ. ಹಾಗೆ ಗಟ್ಟಿ ಮಾಡಿಕೊಂಡೇ ಒಂದು ಶನಿವಾರ ಊರಿನ ಬಸ್ಸು ಹತ್ತಿದೆ.

ಅಪ್ಪ ಬಾಗಿಲಲ್ಲೇ ಕೂತಿದ್ದ. ನಾನು ಚಪ್ಪಲಿ ಬಿಡುವ ಮುಂಚೆಯೇ ಎದ್ದು ಬಂದ. ಆ ವಾರ ಬಸ್ಸಿನಲ್ಲಿ ನನ್ನ ಪಿಯು ಕಾಲೇಜಿನ ಮೇಷ್ಟ್ರು ಸಿಕ್ಕಿದ್ದರಂತೆ. ಅಪ್ಪ ತನ್ನ ಜಾಣತನ ಹೇಳಿಕೊಂಡನಂತೆ. ಅವರು ತಲೆ ತಲೆ ಚಚ್ಚಿಕೊಂಡು, ಏನು ಕೆಲಸ ಮಾಡಿದಿರಿ, ಬೇಕಾದದ್ದನ್ನು ಮೊದಲು ಬರೆಯಬೇಕಿತ್ತು ಅಂದರಂತೆ.

"ನನ್ನಿಂದ ಆಗ್ಬಾರದ್ದು ಆತಮ್ಮ. ನಾನೇ ಕೆಡಿಸ್ದೆ ನಿನ್ ಓದ್ನ."

ಅಪ್ಪ ಯಾರ ಮುಂದೆಯೂ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಾಗದವನ ಹಾಗೆ ಟವೆಲ್ಲಿನ ಅಂಚನ್ನು ಹಿಂಡುತ್ತಿದ್ದ. ಹಿರಿಯೂರಿನಿಂದ ಮಾಡದಕೆರೆಯವರೆಗೆ ನಾನು ಬಾಯಿಪಾಠ ಮಾಡಿಕೊಂಡು ಬಂದ ಮಾತು ಬೇರೆಯೇ ಇತ್ತು. ಅದನ್ನು ಆಡಲಿಲ್ಲ. ಹೋಗಲಿ ಬಿಡಪ್ಪ, ನಿನಗೇನು ಗೊತ್ತಿತ್ತು ಅಂದೆ. ನನ್ನ ತಪ್ಪಿಗೆ ನಾನು ಅವನನ್ನು ಕ್ಷಮಿಸಿದೆ. ಬದುಕಿನಲ್ಲಿ ಇದಕ್ಕಿಂತ ಕೆಟ್ಟ ಕೆಲಸ ನಾನು ಮಾಡಿಲ್ಲ, ಮಾಡಲಾರೆ ಕೂಡ.

ಮತ್ತೆ ಬರೆಯುತ್ತೀಯಾ, ಈ ಸಲ ನಾನು ಬಾಯಿ ಹಾಕುವುದಿಲ್ಲ ಅಂತ ಅಪ್ಪನೇ ಕೇಳಿದ. ಬೇಡ ಅಂದೆ. ಮತ್ತೆ ಬರೆಯುವುದಾದರೆ ಅವನು ಮತ್ತೆ ಅದೇ ಸಾಬರ ಅಂಗಡಿಗೆ ಬರುತ್ತಿದ್ದ, ಅವರೆದುರು ತನ್ನ ತಪ್ಪು ಹೇಳಿಕೊಳ್ಳುತ್ತಿದ್ದ, ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದರು. ಆ ಹೆದರಿಕೆಗೆ ಎರಡನೇ ಸಲವೂ ಆ ಓದನ್ನು ಕಳೆದುಕೊಂಡೆ. ಆಮೇಲೆ ಗೊತ್ತಾಯಿತು, ನಾನು ಹೆದರಬೇಕಾಗಿಯೇ ಇರಲಿಲ್ಲ. ಅಪ್ಪ ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟಿದ್ದ. ಹೊಸದುರ್ಗಕ್ಕೆ ಹೋದರೆ ಸುತ್ತು ಹಾಕಿಕೊಂಡು ಆಚೆ ರಸ್ತೆಯಲ್ಲಿ ಬಸ್ ಸ್ಟ್ಯಾಂಡು ಸೇರುತ್ತಿದ್ದನಂತೆ. ಅಂಗಡಿಯಲ್ಲಿ ಅಷ್ಟು ಜನರ ಮುಂದೆ ತಾನು ನನಗೆ ಬುದ್ಧಿ ಹೇಳಿದ್ದು ಅವನಿಗೆ ಅಷ್ಟು ನಾಚಿಕೆ ತಂದಿತ್ತು.

ಓದು ಮುಗಿಯಿತು. ಇಲಾಖೆಯಲ್ಲಿ ಕೆಲಸವೂ ಸಿಕ್ಕಿತು. ಹೊಳಲ್ಕೆರೆ ತಾಲ್ಲೂಕಿನಲ್ಲಿ ತೆಂಗು, ಬಾಳೆ, ಹನಿ ನೀರಾವರಿಯ ಅರ್ಜಿ ಅಂತ ದಿನ ಕಳೆಯುತ್ತದೆ. ಚಿಕ್ಕಜಾಜೂರಿನ ಕಡೆಯ ರೈತರು ಮೇಡಂ ಬರ್ರಿ, ಕುಂತ್ಕಳ್ರಿ ಅಂತ ಎಳನೀರು ಕೊಡುತ್ತಾರೆ. ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತೇನೆ. ಪ್ರೀತಿ ಬರಲಿಲ್ಲ, ಅಷ್ಟೇ. ನನ್ನ ಪಾಲಿಗೆ ಇದು ಇಷ್ಟರಲ್ಲೇ ಮುಗಿದಿದ್ದರೆ ಬರೆಯಲು ಕೂರುತ್ತಿರಲಿಲ್ಲ. ತನಗೆ ಬೇಕಾದ ಕಾಲೇಜಿಗೆ ಹೋಗದವರು ಊರಿಗೆ ಹತ್ತು ಜನ ಇದ್ದಾರೆ, ಯಾರೂ ಅದರಿಂದ ಸತ್ತಿಲ್ಲ.

ಕೆಟ್ಟದ್ದು ಅಪ್ಪನ ಪಾಲಿಗಾದದ್ದು. ಟಗರು ನೋಡಲು ಯಾರು ಕರೆದರೂ, ನನ್ನನ್ನೇನು ಕೇಳುತ್ತೀರಿ, ನನಗೇನು ತಿಳಿಯುತ್ತೆ ಅನ್ನತೊಡಗಿದ. ಮೊದಮೊದಲು ಅವರು ಬಲವಂತ ಮಾಡಿದರು, ಆಮೇಲೆ ಬೇರೆಯವರನ್ನು ಕರೆದರು. ನನ್ನ ತಂಗಿಯನ್ನು ಕಾಲೇಜಿಗೆ ಸೇರಿಸುವಾಗ ಅರ್ಜಿಯಲ್ಲಿ ಏನಿದೆ ಅಂತಲೂ ಕೇಳದೆ ಸಹಿ ಹಾಕಿದ. ನನ್ನನ್ನು ನೋಡಲು ಮೊದಲು ಬಂದ ಗಂಡಿನ ಕಡೆಯವರು ಅವನಿಗೆ ಹಿಡಿಸಿರಲಿಲ್ಲ ಅಂತ ಆ ಸಂಬಂಧ ಮುರಿದುಬಿದ್ದ ಮೇಲೆ ಅವ್ವ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಅಂತ ಅವಳು ಕೇಳಿದ್ದಕ್ಕೆ, ನಾನು ಒಂದು ಸಲ ಹೇಳಿದ್ದು ಸಾಲದೇ ಅಂದನಂತೆ. ಮನೆಯಲ್ಲಿ ಗೋಡೆಗೆ ಬಳಿಯುವ ಬಣ್ಣದಿಂದ ಹಿಡಿದು ಎಲ್ಲಕ್ಕೂ ಅವನದು ಒಂದೇ ಉತ್ತರ, ನಿಮ್ಮಿಷ್ಟ. ಎಷ್ಟು ಜೋರು ಬಾಯಿಯ ಮನುಷ್ಯ ನಮ್ಮಪ್ಪ! ಆ ಬಾಯಿಯನ್ನು ಕಟ್ಟಿದವಳು ನಾನು. ಪ್ರತಿ ಸಲ ಊರಿಗೆ ಹೋಗುವಾಗ ಈ ಸಲ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲ ಅವನ ಮುಖ ನೋಡಿ, ಇಷ್ಟು ವರ್ಷ ಸುಮ್ಮನಿದ್ದೆಯಲ್ಲ ಅಂತ ಕೇಳಿದರೆ ಏನು ಹೇಳಲಿ ಅಂತ ಹಿಂದೆ ಸರಿಯುತ್ತಿದ್ದೆ.

ಈಚೆಗೆ ಒಂದು ಭಾನುವಾರ ಊರಿಗೆ ಹೋಗಿದ್ದೆ. ರೊಪ್ಪದಲ್ಲಿ ಒಂದು ಕುರಿ ಈಯಲಾರದೆ ಬೆಳಿಗ್ಗೆಯಿಂದ ಒದ್ದಾಡುತ್ತಿತ್ತು. ಮರಿ ಅಡ್ಡ ಬಂದಿತ್ತು. ಅಪ್ಪ ಫೋನ್ ಮಾಡಿಸಿದ. ಪಶು ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು ಸ್ಕೂಟರಿನಲ್ಲಿ ಬಂದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಬಳೆ ತೆಗೆದು ಜೇಬಿಗೆ ಹಾಕಿಕೊಂಡು, ಕೈಗವಸು ತೊಟ್ಟು, ಹಿಕ್ಕೆಯ ಮೇಲೇ ಮೊಣಕಾಲೂರಿ ಕೂತಳು. ಅಪ್ಪ ಕುರಿಯ ತಲೆ ಹಿಡಿದಿದ್ದ, ನಾನು ನೀರಿನ ಬಕೆಟ್ ಹಿಡಿದು ನಿಂತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಒಳಗೆ ಬೆರಳಿನಲ್ಲೇ ಹುಡುಕಿದಳು, ಮಡಚಿದ್ದ ಕಾಲನ್ನು ನೇರ ಮಾಡಿದಳು, ನಿಧಾನಕ್ಕೆ ಎಳೆದಳು. ಮರಿ ಬಂತು, ಉಸಿರಾಡಿತು. ನಾನು ಮರಿಯನ್ನು ನೋಡಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದೆ. ತಲೆ ಎತ್ತಿದರೆ ಅಪ್ಪ ಅವಳ ಕೈಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ.

ಅವಳು ಕೈ ತೊಳೆಯುವಾಗ ಅಪ್ಪ ಚೊಂಬಿನಿಂದ ನೀರು ಹಾಕುತ್ತ ಹೇಳಿದ. "ನನ್ ಮಗ್ಳೂ ಇದೇ ಓದ್ಬೇಕಿತ್ತು ಡಾಕ್ಟ್ರೆ. ನಾನು ಅಡ್ಡ ಬಂದೆ."

ಸ್ಕೂಟರು ಹಟ್ಟಿ ದಾಟುವವರೆಗೆ ತಡೆದುಕೊಂಡೆ. ಆಮೇಲೆ ರೊಪ್ಪದ ಬೇಲಿ ಹಿಡಿದು ನಿಂತು ಎಲ್ಲ ಹೇಳಿದೆ. ಅಣಕು ಹಂಚಿಕೆ ಅಂದರೆ ಏನು, ಸಾಬರು ಏನು ಹೇಳಿದರು, ಒಂದು ದಿನ ಪೂರ್ತಿ ಟೈಮಿತ್ತು, ನಾನು ಬೇಡ ಅಂದೆ, ಹೆದರಿದ್ದೆ, ಅಪ್ಪನಿಗೂ ಇದೇ ಬೇಕು ಅಂತ ಸುಳ್ಳು ಹೇಳಿದೆ, ನೀನು ಬಾಗಿಲಲ್ಲಿ ನಿಂತು ತಪ್ಪೊಪ್ಪಿಕೊಂಡ ದಿನವೂ ಬಾಯಿ ಬಿಡಲಿಲ್ಲ. ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ. ಅಪ್ಪ ಮರಿಯ ಮೈಯನ್ನು ಗೋಣಿಚೀಲದಿಂದ ಒರೆಸುತ್ತಲೇ ಕೇಳಿಸಿಕೊಂಡ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿ, ಹಳೆಯ ಗಂಟಲಿನಲ್ಲಿ ಒಂದು ಸಲ ಬೈಯಲಿ ಅಂತ ಆಸೆಪಟ್ಟಿದ್ದೆ.

ಅವನು ಎದ್ದು ಬಂದು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ನನ್ನ ತಲೆ ಮುಟ್ಟಿದ.

"ಸಾಕು ಬಿಡಮ್ಮ. ನನ್ ಸಮಾಧಾನಕ್ಕೆ ಎಷ್ಟಂತ ಸುಳ್ಳು ಕಟ್ತೀಯ."

ಸುಳ್ಳಲ್ಲಪ್ಪ, ನಿನ್ನಾಣೆ ಅಂದೆ. ಆಣೆ ಗೀಣೆ ಇಡಬೇಡ ಅಂತ ಗದರಿದ. ಸಾಬರನ್ನೇ ಕೇಳು ಅನ್ನೋಣವೆಂದರೆ ಆ ಅಂಗಡಿ ಇಲ್ಲವಾಗಿ ವರ್ಷಗಳಾಗಿವೆ, ಅವರು ಮಗಳ ಮನೆ ಸೇರಿದ್ದು ಯಾವ ಊರು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇನ್ನೂ ಏನೇನೋ ಹೇಳಿದೆ. ನಾನು ಎಷ್ಟು ಬಿಡಿಸಿ ಹೇಳಿದೆನೋ ಅಷ್ಟು ಅವನಿಗೆ ಅದು ಕಟ್ಟಿದ ಕತೆಯಂತೆಯೇ ಕೇಳಿಸಿತು. ಡಾಕ್ಟರನ್ನು ನೋಡಿ ತಾನು ನೊಂದುಕೊಂಡದ್ದು ಮಗಳಿಗೆ ತಿಳಿಯಿತು, ಅದಕ್ಕೇ ಹೀಗೆ ಆಡುತ್ತಿದ್ದಾಳೆ ಅಂತ ಅವನು ತೀರ್ಮಾನ ಮಾಡಿಯಾಗಿತ್ತು. ಅಷ್ಟು ವರ್ಷದಲ್ಲಿ ಅವನು ತಾನೇ ಮಾಡಿದ ತೀರ್ಮಾನ ಅದೊಂದೇ ಇರಬೇಕು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ ಹೇಳಿದ. ನನ್ನ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಾಳೆ ನಿನ್ನ ಮಗಳು, ಇಂಥ ಮಗಳನ್ನು ಪಡೆಯುವುದಕ್ಕೂ ಪುಣ್ಯ ಮಾಡಿರಬೇಕು ಅಂದ. ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಅವಳು ಮೊದಲಿಂದಲೂ ಹಾಗೇ ಅಂದಳು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, ಅದರ ಮೇಲೆ ತುಪ್ಪ ಬಿಟ್ಟಳು. ಇಬ್ಬರೂ ನಾನು ತಿನ್ನುವುದನ್ನೇ ನೋಡುತ್ತಿದ್ದರು. ನಾನು ತಿಂದೆ.